ವರ್ಷಕ್ಕೊಂದೇ ಉಬ್ಬರ

ಗೊರೂರಿಗೆ ವರ್ಗವಾಗಿ ಬಂದ ಮೊದಲ ವಾರ
ಬೆಳಗಿನ ಐದೂವರೆಗೆ ಶೂ ಕಟ್ಟಿ ಹೊರಬಿದ್ದವಳನ್ನು
ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು.
"ಏನ್ ಸಿಸ್ಟರೇ, ಯಾರ್ಗೇನಾಯ್ತು?"
ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ.
ಸುಮ್ಮನೆ ಓಡುವ ನರ್ಸನ್ನು ನಂಬುವುದು
ಅವರಿಗೆ ಮೂರು ತಿಂಗಳ ಕೆಲಸವಾಯಿತು.

ಕೋಡಿಬೆಂಗ್ರೆಯಲ್ಲಿ ದಾರಿ ಕೇಳುವ ಹಂಗಿರಲಿಲ್ಲ.
ಎಡಕ್ಕೆ ಕಡಲು, ಬಲಕ್ಕೆ ಹೊಳೆ,
ನೆಲ ಮುಗಿದಲ್ಲಿ ಓಟವೂ ಮುಗಿಯಿತು.
ಅಳಿವೆಯಲ್ಲಿ ಮುಖ ತೊಳೆದು ಬಂದ ಹೆಜ್ಜೆ ಹುಡುಕಿ ವಾಪಸು,
ಅಷ್ಟರಲ್ಲಿ ಅರ್ಧವನ್ನು ತೆರೆ ತಿಂದಿರುತ್ತಿತ್ತು.

ಇಲ್ಲಿ ದಾರಿ ಹೇಳಿದವನು ಬಲೆ ಒಣಹಾಕುವ ಬೆಟ್ಟಯ್ಯ.
"ಸೀದಾ ವೋಗಿ. ಮಾರಮ್ಮನ ಗುಡಿತಾವ ಬಲಕ್ಕೆ ತಿರೀಕಳಿ.
ಸೇದೋ ಬಾವಿ ಸಿಕ್ತದೆ, ಅದ್ರ ಮಗ್ಗುಲಿಗೇ ಸ್ಕೂಲು.
ಸ್ಕೂಲ್ ದಾಟುದ್ರೆ ಹುಣಸೇಮರ,
ಅಲ್ಲಿಗೆ ನಿಮ್ಮ ಮೂರು ಕಿಲೋಮೀಟ್ರು."

ನೋಡಿದೆ. ಸೀದಾ ನೀರು.
ಬಲಕ್ಕೆ ನೀರು.
ಹುಣಸೇಮರ ಇರಬೇಕಾದ ಕಡೆ ಒಂದು ನೀರುಕಾಗೆ ಮುಳುಗಿ
ಇನ್ನೆಲ್ಲೋ ಎದ್ದಿತು.
"ಈಗಲ್ಲ ಕಣವ್ವ," ಎಂದ. "ಯುಗಾದಿ ಕಳೀಲಿ."

ಯುಗಾದಿ ಕಳೆಯಿತು.
ದಿನಕ್ಕೊಂದೆರಡು ಮೊಳ ಹಿಂದೆ ಸರಿಯುತ್ತ ಹೇಮಾವತಿ
ನೆಲವನ್ನು ನನಗೆ ಕಂತಿನಲ್ಲಿ ಕೊಟ್ಟಳು.
ಮೊದಲು ಕೆಸರು, ಆಮೇಲೆ ಬಿರುಕು, ಬಿರುಕಿಗೆ ಗರಿಕೆ,
ಗರಿಕೆಗೆ ಎಮ್ಮೆ, ಎಮ್ಮೆಯ ಬೆನ್ನಿಗೆ ಬೆಳ್ಳಕ್ಕಿ.
ಒಂದು ಮಂಗಳವಾರ ಕಾಲಿಗೆ ಗಟ್ಟಿ ಏನೋ ತಾಗಿತು:
ಜಲ್ಲಿ. ರಸ್ತೆಯ ಜಲ್ಲಿ.

ಗುಡಿಯೆಂದರೆ ನಾಲ್ಕು ಕಲ್ಲು.
ಸ್ಕೂಲೆಂದರೆ ಮೂರು ಮೆಟ್ಟಿಲು; ಹತ್ತಿ ಆಚೆ ಬದಿಗೆ ಹಾರಿದೆ.
ಮರ ಬರೀ ಬೊಡ್ಡೆ, ಒಲೆಯ ಕೊಳ್ಳಿಯಷ್ಟು ಕಪ್ಪು.
ಬಾವಿಗೆ ಮಾತ್ರ ಏನೂ ಆಗಿರಲಿಲ್ಲ,
ಒಳಗೆ ತನ್ನದೇ ನೀರು ಇಟ್ಟುಕೊಂಡು ಕೂತಿತ್ತು
ಡ್ಯಾಮಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ.

ಶೂ ಕೈಯಲ್ಲಿ ಹಿಡಿದು ಕೆಸರು ದಾಟುವಾಗ
ಕಪ್ಪೆಚಿಪ್ಪೊಂದು ಹಿಮ್ಮಡಿ ಕುಯ್ದಿತು.
ಒಂದು ಗಳಿಗೆ ಊರಲ್ಲೇ ಇದ್ದೆ.
ತುಟಿ ನೆಕ್ಕಿಕೊಂಡೆ.
ಇಲ್ಲಿ ಉಪ್ಪೆಂದರೆ ನನ್ನದು ಮಾತ್ರ.

ಮೇ ತಿಂಗಳಲ್ಲಿ ಬೆಟ್ಟಯ್ಯ ಪಂಚೆ ಎತ್ತಿ ಕಟ್ಟಿ ಬಂದು ನಿಂತ.
"ನಂಗೂ ಟೈಮ್ ಹಿಡೀರಿ. ಬಾವಿಯಿಂದ ಹುಣಸೇಬುಡ."
ಅರವತ್ತು ದಾಟಿದ ಮೊಣಕಾಲು, ಬಿಪಿ ನೂರಾ ಐವತ್ತು
(ನಾನೇ ನೋಡಿ ಬರೆದದ್ದು).
ಬೇಡವೆನ್ನುವಷ್ಟರಲ್ಲಿ ಓಡಿಯೇ ಬಿಟ್ಟ,
ಮೊಣಕೈ ಅಗಲಿಸಿ, ಬಾಯಿ ತೆರೆದು,
ಎಮ್ಮೆಗಳು ಮೇಯುವುದು ನಿಲ್ಲಿಸಿದವು.

"ಒಂದು ನಿಮಿಷ ನಲವತ್ತು. ಆಗೆಲ್ಲ ಎಷ್ಟಿತ್ತು?"
ಉಸಿರು ಸಿಗಲು ಸ್ವಲ್ಪ ಹೊತ್ತಾಯಿತು.
"ಆಗ ವಾಚೆಲ್ಲಿ? ಮೇಷ್ಟ್ರು ಲಾಂಗ್ ಬೆಲ್ ಒಡೆಯೋರು,
ಅದ್ರ ಸದ್ದು ಸಾಯೋದ್ರೊಳಗೆ ಮರ ಮುಟ್ತಿದ್ದೆ."

ಕಡಲು ದಿನಕ್ಕೆರಡು ಸಲ ಉಬ್ಬಿ ಇಳಿಯುತ್ತದೆ,
ಕೊಟ್ಟದ್ದನ್ನು ಲೆಕ್ಕವಿಡಲು ಬಿಡುವುದಿಲ್ಲ.
ಇದಕ್ಕೆ ವರ್ಷಕ್ಕೊಂದೇ ಉಬ್ಬರ, ನನ್ನ ಡೈರಿಯಲ್ಲಿದೆ:
ಜುಲೈ ಏಳು, ಹುಣಸೇಬುಡ ಇಲ್ಲ.
ಹತ್ತು, ಸ್ಕೂಲಿನ ಮೇಲಿನ ಮೆಟ್ಟಿಲು ಒಂದೇ.
ಹನ್ನೆರಡು, ಬಾವಿ ತನ್ನ ನೀರನ್ನು ಕೊನೆಗೂ ಬೆರೆಸಿತು.
ಹದಿನೈದು, ಹೋಗಿ ಬಂದು ಒಟ್ಟು ಒಂದೂವರೆ ಕಿಲೋಮೀಟರು.

ಇವತ್ತು ದಡದಲ್ಲಿ ಲೇಸು ಬಿಗಿಯುತ್ತಿದ್ದೆ.
ತೆಪ್ಪದಿಂದ ಕೂಗಿದ, "ಬಾವಿತಾವ ಇವ್ನಿ ಕಣವ್ವ, ಒತ್ತಿ!"
ಒತ್ತಿದೆ.
ಹುಟ್ಟು ಬಿತ್ತು, ಎದ್ದಿತು, ಬಿತ್ತು.
ಅವನು ನಿಂತ ಜಾಗ ನನಗೂ ಈಗ ಗೊತ್ತು.

ನಾಲ್ಕು ನಿಮಿಷ ಹತ್ತು ಸೆಕೆಂಡು!
"ಎದುರುಗಾಳಿ," ಎಂದ.