ಸಿಹಿನೀರಿನ ಚೀಟಿ

ಮೇ ತಿಂಗಳ ಎರಡನೇ ಭಾನುವಾರ.
ಬೆಳಗಿನ ಆರಕ್ಕೇ ಬಂದು ನಿಂತಿವೆ
ಹುಬ್ಬಳ್ಳಿಯ ಎರಡು ಟೆಂಪೊ, ಗದಗಿನದೊಂದು ಕ್ರೂಸರ್,
ಗಾಳಿಮರದ ನೆರಳಿಗೆ ಮೂತಿ ತೂರಿಸಿಕೊಂಡು.
ರಾತ್ರಿ ಅರಬೈಲು ಘಟ್ಟ ಇಳಿದ ಮಕ್ಕಳ ಬಾಯಲ್ಲಿ
ಇನ್ನೂ ವಾಂತಿಯ ಹುಳಿ,
ಕಣ್ಣಲ್ಲಿ ಆಗಲೇ ಕಡಲು.

ನನ್ನದು ತಗಡಿನ ಗೂಡು. ಒಳಗೊಂದು ಸ್ಟೂಲು,
ಚೀಟಿಯ ಪುಸ್ತಕ, ಚಿಲ್ಲರೆಯ ಬಿಸ್ಕೀಟು ಡಬ್ಬಿ.
ಹಿಂದೆ ನಾಲ್ಕು ನಲ್ಲಿ, ಎರಡು ಬಾಗಿಲು,
ಒಂದರ ಚಿಲಕ ಹೋಗಿ ಎರಡು ವರ್ಷ.
ಉಪ್ಪು ತೊಳೆದುಕೊಳ್ಳಲು ತಲೆಗೆ ಹತ್ತು ರೂಪಾಯಿ,
ಮಕ್ಕಳಿಗೆ ಐದು.
ಎಷ್ಟು ಎತ್ತರದವರೆಗೆ ಮಕ್ಕಳು ಎಂಬುದು
ನನಗೆ ಬಿಟ್ಟದ್ದು.

ಇಲ್ಲಿಂದ ಅಲೆ ಕಾಣುವುದಿಲ್ಲ, ಬೋರ್ಡು ಅಡ್ಡ.
ಕೇಳುತ್ತದೆ.
ಒಂದು ದೊಡ್ಡ ಕಿರುಚು: ಮೊದಲ ತೆರೆ ಮೊಣಕಾಲಿಗೆ ಬಂತು.
ಹಿಂದೆಯೇ ನಗು ಬಂದರೆ ಸೊಂಟಕ್ಕೆ.
ಹೆಸರು ಹಿಡಿದು ಕೂಗಿದರೆ, "ಈರಣ್ಣಾ, ಸಾಕ್ ಬಾರೋ!"
ಎದೆಗೆ. ಆಗ ನಾನೂ ಎದ್ದು ನಿಲ್ಲುತ್ತೇನೆ,
ಸೀಟಿಯ ಹುಡುಗ ಜುಜೆ ಎಲ್ಲಿದ್ದಾನೆ ನೋಡಲು.

ನಮ್ಮ ಮನೆಯಲ್ಲಿ ಕಡಲಿಗೆ ಆಡಲು ಹೋದವರಿಲ್ಲ.
ಮಾವ ಹೋದದ್ದು ರಂಪಣಿ ಬಲೆ ಎಳೆಯಲು,
ಗಂಡ ಹೋಗುವುದು ಬೋಟಿಗೆ,
ನಾನು, ಬೋಟು ಬಂತೇ ಎಂದು ಬೈತಖೋಲಕ್ಕೆ.
ಮಜಾ ಬಂತಾ ಎಂದು ಅವನನ್ನು ಯಾರೂ ಕೇಳುವುದಿಲ್ಲ.
ಕೇಳುವುದು ಒಂದೇ, ಬಾಂಗಡೆ ಬಿತ್ತಾ.
ನಮ್ಮ ರಜೆ ಜೂನಿನಲ್ಲಿ, ಮಳೆಯ ಜೊತೆಗೇ ಬರುತ್ತದೆ.
ಹುಬ್ಬಳ್ಳಿಗೆ ಹೋಗೋಣ, ತಾನೇ ಹತ್ತುವ ಮೆಟ್ಟಿಲು ಹತ್ತೋಣ
ಎಂದು ಮಗಳು ಮಾಣಿಕಾ ಮೂರು ವರ್ಷದಿಂದ.

ಹನ್ನೊಂದಕ್ಕೆ ಮರಳು ಬಾಣಲೆ.
ತೊಯ್ದ ಸೀರೆಗಳು ಸಾಲು ನಿಂತವು,
ಸಾಲಿನ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ವಾಸನೆ.
ಒಬ್ಬಳು ಕೇಳಿದಳು, "ದಿನಾ ನೋಡ್ತೀರಲ್ರೀ, ಬ್ಯಾಸರಾಗಂಗಿಲ್ಲೇನು?"
"ನಿಮಗೆ ಹೊಲ ಬೇಸರಾಗ್ತದಾ?" ಅಂದೆ.
"ಆಗ್ತೈತ್ರೀ, ಅದಕ್ಕ ಇಲ್ಲಿಗೆ ಬಂದೀವಿ."
ಇಬ್ಬರೂ ನಕ್ಕೆವು.
ಅವಳ ಐನೂರರ ನೋಟಿಗೆ ಚಿಲ್ಲರೆ ಇರಲಿಲ್ಲ.

ಅವರ ಜೊತೆಗೊಬ್ಬಳು ಮುದುಕಿ, ಸಾವಂತ್ರವ್ವ.
ಇಳಕಲ್ಲು ಸೀರೆ ತೊಡೆಯ ತನಕ ತೊಯ್ದು ಕಪ್ಪು,
ತೋಳಿನ ಹಸಿರು ಹಚ್ಚೆಯ ಮೇಲೆ ಉಪ್ಪು ಒಣಗಿ
ಬೇರೆಯದೇ ಒಂದು ಹಚ್ಚೆ.
ಸೊಸೆ ಅವಳ ಹೆಸರಿಗೂ ಚೀಟಿ ಹರಿಸಿದಳು.
"ನನಗ ಬ್ಯಾಡ."
"ಮೈ ತಿಂತೈತಿ ಅತ್ತಿ, ಐದು ತಾಸಿನ ದಾರಿ."
"ತಿನ್ನಲಿ ಬಿಡ. ಎಪ್ಪತ್ತು ವರ್ಷಕ್ಕ ಸಿಕ್ಕೈತಿ,
ಮನಿ ಮುಟ್ಟೂತನಕ ಇರ್ಲಿ."

ಹರಿದ ಚೀಟಿ ಮತ್ತೆ ಅಂಟುವುದಿಲ್ಲ.
ಗುತ್ತಿಗೆಯ ಪೆಡ್ನೇಕರ್ ಸಂಜೆ ಬುಡ ಎಣಿಸುತ್ತಾರೆ.
ದುಡ್ಡು ವಾಪಸು ಇಲ್ಲವ್ವ, ಅಂದೆ.
ಕೇಳಿದವರು ಯಾರು ಎಂಬಂತೆ ನೋಡಿ
ಚೀಟಿಯನ್ನು ಎಲೆಅಡಿಕೆಯ ಚಂಚಿಗೆ ಹಾಕಿಕೊಂಡು
ಕ್ರೂಸರಿನ ಕಡೆ ನಡೆದಳು.
ನಡುವೆ ಒಮ್ಮೆ ನಿಂತು, ಯಾರೂ ನೋಡುತ್ತಿಲ್ಲವೆಂದು
ಮುಂಗೈ ನೆಕ್ಕಿಕೊಂಡಳು.

ಏಳು ಗಂಟೆ. ದೇವಗಡದ ದೀಪ ಹತ್ತಿತು.
ಮುನ್ನೂರ ಹನ್ನೆರಡು ಬುಡ, ಲೆಕ್ಕ ಸರಿ.
ಟ್ಯಾಂಕಿನ ತಳದಲ್ಲಿ ಒಬ್ಬರ ಪಾಲಿನಷ್ಟು ನೀರು.
ಕ್ಯಾನು ಹಿಡಿದೆ. ಮನೆಯ ನಲ್ಲಿಗೆ ಮೂರು ದಿನಕ್ಕೊಮ್ಮೆ ನೆನಪಾಗುತ್ತದೆ,
ಇಂದು ಅದರ ಸರದಿಯಲ್ಲ.

ಬಾವಿಕಟ್ಟೆಯ ಬಳಿ ಅವನು ಅಂಗಿ ಬಿಚ್ಚಿ ಕೂತಿದ್ದ,
ನಾಲ್ಕು ದಿನದ ಕಡಲು ಬೆನ್ನ ಮೇಲೆ ಬಿರಿದು.
ಚೊಂಬಿನಲ್ಲಿ ಸುರಿದೆ.
"ಬಾವಿ ಉಪ್ಪಾಗಿದೆಯಲ್ಲ, ಇದು ಯಾರ ನೀರು?"
"ಸಾವಂತ್ರವ್ವನದು."
"ಯಾರವಳು?"
ಅತ್ತ ತಿರುಗು, ಅಂದೆ,
ಕಿವಿಯ ಹಿಂದೆ ಇನ್ನೂ ಇದೆ.