ನಾಲ್ಕನೇ ಸೀಟಿ

ತೊಗರಿ ಬ್ಯಾಳಿಗೆ ನಾಲ್ಕು ಸೀಟಿ.
ಒಲಿಗೆ ಬೆನ್ನು ಮಾಡಿ, ಹುಣಸಿಹುಳಿ ಕಿವುಚಕೋತ
ಅವ್ವ ಎಣಸ್ತಾಳ:
ಅದೀನ್. ದ್ವಾ. ತ್ರೀ.
ನಾಲ್ಕರ ಹೆಸರು ಬರಿಲಾಕ ಬರಂಗಿಲ್ಲ ನನಗ.
ಚೆತೀರೆ ಅಂದ್ರ ತಪ್ಪು, ಚೆತೂರೆ ಅಂದ್ರನೂ ತಪ್ಪು.
ಗುಡಿಸಿಗೂ ಕೊಂಬಿಗೂ ನಡುವ ಎಲ್ಲೋ
ಗಂಟಲದಾಗ ಕಾಲು ಜಾರಿದಂಗ ಒಂದು ದನಿ,
ನಮ್ಮ ಕಾಗುಣಿತದಾಗ ಅದಕ್ಕ ಮನಿ ಇಲ್ಲ.

ಅಕಿಗೆ ಹಂಗೇ ನಮ್ಮ ಳ.
ಚಿಟಗುಪ್ಪಾಕ್ಕ ಬಂದು ಮೂವತ್ತೈದು ವರ್ಷದ ಮ್ಯಾಲಾಯ್ತು,
ಇವತ್ತಿಗೂ ಅಂಗಡಿ ಕಟ್ಟಿಗೆ ನಿಂತು
'ಅರ್ಧ ಕಿಲೋ ಬ್ಯಾಲಿ ಕೊಡ್ರಿ' ಅಂತಾಳ.
'ಬ್ಯಾಲಿ ಹೊಲದಾಗ ಅದ ರೇಸವ್ವಾ, ಕಿತ್ಕೊಂಡು ಹೋಗು'
ಅಂತಾನ ಬಕ್ಕಪ್ಪ, ಪ್ರತೀ ಸಲ.
ಪ್ರತೀ ಸಲ ಒಂದು ಹಿಡಿ ಜಾಸ್ತಿ ಹಾಕ್ತಾನ.

ಹೆಸರು ರಯೀಸಾ.
ಅಪ್ಪ ವರೋನೆಜ್‌ದಾಗ ಸಕ್ಕರಿ ಮಾಡೋದು ಕಲ್ತು
ಕಾರ್ಖಾನಿ ನೌಕರಿಗೆ ತಿರುಗಿ ಬರುವಾಗ
ತಂದಿದ್ದು ಪೆಟ್ಟಿಗಿ ಒಂದು, ಈಕಿ ಒಬ್ಬಾಕಿ.
ಓಣಿ ಬಾಯಾಗ ಮೂರು ದಿನಕ್ಕ ರೇಸವ್ವ ಆದ್ಳು.
ಅಜ್ಜ ಒಬ್ಬವ ಮಾತ್ರ ಹೆಸರು ಕೇಳಿ ಎದ್ದು ನಿಂತನಂತ:
'ರಯೀಸ್ ಅಂದ್ರ ಧಣಿ. ನನ್ನ ಮನಿಗೆ ಧಣಿ ಬಂದಾಳ.'

ಅಜ್ಜ ಕಂಟೆಪ್ಪ, ನಿಜಾಮನ ಕಾಲದ ಸಾಲಿ.
ಕೊರಳಾಗ ಲಿಂಗ, ಕೈಯಾಗ ಉರ್ದು ಲೆಕ್ಕದ ವಹಿ.
ಮನಿಮಾತು ಕನ್ನಡ, ಓದಲಾಕ ಒಂದಕ್ಷರ ಬರ್ತಿರಲಿಲ್ಲ.
ನಾನು ಒಂದನೇ ಇಯತ್ತೆ ಸೇರಿದ ವರ್ಷ
ಪಡಸಾಲಿ ಶಹಾಬಾದ ಕಲ್ಲಿನ ಮ್ಯಾಲ ಮೂರು ಪಾಟಿ.
ಅಜ್ಜ ಬಲಕ್ಕಿಂದ ಶುರು ಮಾಡಂವ, ಅವ್ವ ಎಡಕ್ಕಿಂದ,
ನಡುವ ಕೂತ ನಂದು ನೋಡಿ ನೋಡಿ
ಇಬ್ಬರೂ ಕದ್ದು ಬರೀತಿದ್ರು.

ಒಂದಿನ ಸಂಜಿಕ ಅಜ್ಜ ಅಂದ,
'ಆ ಕಿತಾಬ್ ಇತ್ತಾಗ ಕೊಡು.'
ಅವ್ವನ ಬಳಪ ಅಲ್ಲೇ ನಿಂತ್ಬಿಡ್ತು.
ಕಿತಾಪ್, ಅಂದ್ಳು ಮೆಲ್ಲಕ. ದುನ್ಯಾ, ಅಂದ್ಳು. ವಕಿತ್.
ಅಕಿ ಅವ್ವ ತಾತಾರ ಹೆಂಗಸು,
ಶಹರದ ಸಾಲ್ಯಾಗ ಮಗಳನ್ನ ನೋಡಿ ಯಾರೂ ನಗಬಾರದಂತ
ತನ್ನ ಮಾತು ಒಲಿಯಾಗಿಟ್ಟು ರಷ್ಯನ್ ಕಲಿಸಿದಾಕಿ.
ಹೋಗಿ ಹತ್ತು ವರ್ಷ ಆದ ಮ್ಯಾಲ
ಅಕಿ ಶಬ್ದ ಇಲ್ಲಿ ಸಿಕ್ತು,
ಎಲಿಅಡಿಕಿ ಮೆಲ್ಲೋ ಮಾವನ ಬಾಯಾಗ.
ಬಾಳ ಹೊತ್ತು ಕಿತಾಬ್ ಕೊಡಲೇ ಇಲ್ಲ ಅವ್ವ.

ನನಗ್ಯಾಕ ಕಲಿಸಲಿಲ್ಲ ಅಂತ ಈಗ ಕೇಳ್ತೀನಿ.
ಅಕಿ ಉತ್ತರ ಕೊಡಂಗಿಲ್ಲ. ನನಗ ಗೊತ್ತದ.
ಎಂಟು ವರ್ಷದಾಕಿ ಇದ್ದೆ. ಸಾಲಿ ಗೇಟಿಗೆ ಬಂದು
ಊಟದ ಡಬ್ಬಿ ಮರತೀದಿ ಅಂತ ತನ್ನ ಭಾಷಾದಾಗ ಕೂಗಿದ್ಳು.
ಗೆಳತ್ಯಾರು ತಿರುಗಿ ನೋಡಿದ್ರು.
'ಕನ್ನಡದಾಗ ಕರಿ, ಇಲ್ಲಾ ಕರೀಬ್ಯಾಡ' ಅಂದೆ.
ಅಷ್ಟೇ. ಜಗಳ ಇಲ್ಲ, ಅಳು ಇಲ್ಲ.
ಎಲ್ಲಾ ಒಳಗಿಟ್ಟು ಕೀಲಿ ಹಾಕಿದ್ಳು.
ಕುಕ್ಕರಿನ ನಾಲ್ಕು ಅಂಕಿ ಹೊರಗ ಉಳದ್ವು,
ಮರ್ತು ಉಳದ್ವೋ, ಬೇಕಂತ ಬಿಟ್ಳೋ.

ಈಗ ನನ್ನ ಮಗಳು ವಚನಾ, ಆರು ವರ್ಷ,
ಸಾಲ್ಯಾಗ ಒನ್ ಟೂ, ಓಣ್ಯಾಗ ಏಕ್ ದೋ.
ಅಡಗಿಮನಿ ಹೊಸ್ತಲ ಮ್ಯಾಲ ಕೂತು
ಸೀಟಿಗೊಂದು ಬೆರಳು ಮಡಚ್ತಾಳ.
ನಾಲ್ಕಕ್ಕ ಬಂದಾಗ, ಶಿವನೇ,
ಜನ್ಮದಾಗ ನನಗ ಬರಲಾರದ ಆ ದನಿ
ಹಲ್ಲು ಬಿದ್ದ ಸಂದ್ಯಾಗಿಂದ ಸರಿಯಾಗಿ ಹೊಂಡ್ತದ.
ಟೀಚರ್ ಕೇಳ್ಯಾರಂತ, ಇದು ಯಾವ ಭಾಷಾ?
'ನಮ್ಮ ಕುಕ್ಕರಿನ ಭಾಷಾ' ಅಂದದಂತ ಕೂಸು.

ಅವ್ವ ಕೇಳಿ ನಕ್ಳು, ಹುಳಿಗೈ ಬಾಯಿಗೆ ಅಡ್ಡ ಹಿಡದು.
ನಾನೂ ನಕ್ಕೆ. ಎಣಸೋದು ತಪ್ತು.
ಐದೋ ಆರೋ ಹೊಡದು ಸುಮ್ಮನಾಯ್ತು.
ಮುಚ್ಚಳ ತೆಗದು ಸೌಟು ಆಡಿಸಿ ನೋಡಿ
ಅವ್ವ ಅಂದ್ಳು:
'ಹೋಗಲಿ ಬಿಡು. ಬ್ಯಾಲಿ ಕರಗ್ಯಾದ.'