ನೈಟ್ ರಿಪೋರ್ಟ್, ಬೆಡ್ ಹದಿನೇಳು

ನಮ್ಮಲ್ಲಿ ಎಲ್ಲದಕ್ಕೂ ಒಂದೇ ಮಾತು, ಜೋರು.
ಮಳೆ ಜೋರು, ಜ್ವರ ಜೋರು, ಬಂಗುಡೆಗೆ ರೇಟು ಜೋರು,
ಪಕ್ಕದ ಮನೆಗೆ ಬಂದ ಸೊಸೆಯೂ ಸ್ವಲ್ಪ ಜೋರೇ.
ಫ್ಲೇವಿ ಟೀಚರ್ ಇದನ್ನು ಕೇಳಿ
ಚಾಕ್‌ಪೀಸು ಕೆಳಗಿಟ್ಟು ಕೂತುಬಿಟ್ಟಿದ್ದರು.

"ಇಂಗ್ಲಿಷಿನಲ್ಲಿ ಹಾಗೆ ನಡೆಯುವುದಿಲ್ಲ ಮಕ್ಕಳೇ.
ರೈನಿಂಗ್‌ಗೆ ಹೆವಿಲಿ, ಬ್ಲೀಡಿಂಗ್‌ಗೆ ಪ್ರೊಫ್ಯೂಸ್‌ಲಿ,
ಸ್ಲೀಪಿಂಗ್‌ಗೆ ಸೌಂಡ್‌ಲಿ.
ಅದಲು ಬದಲಾದರೂ ಅರ್ಥವಾಗುತ್ತದೆ,
ಆದರೆ ನಗುತ್ತಾರೆ."
ಮೊದಲ ವರ್ಷದ ನರ್ಸಿಂಗ್, ನಲ್ವತ್ತು ಹುಡುಗಿಯರು,
ಜಾತಕ ಕೂಡಿಸಿದ ಹಾಗೆ ಬಾಯಿಪಾಠ ಮಾಡಿದೆವು.
ಆಯಿಷತ್ ಎದ್ದು ಕೇಳಿದಳು:
"ಟೀಚರ್, ಡೈಯಿಂಗ್‌ಗೆ ಯಾರು?"
ಟೀಚರ್ ಕಿಟಕಿ ನೋಡಿ "ಸ್ಲೋಲಿ" ಅಂದರು.
ಬೆಲ್ಲಾಯಿತು.

ಈಗ ಕಂಕನಾಡಿ, ಮೂರನೆಯ ಮಹಡಿ, ರಾತ್ರಿ ಎರಡು.
ಬೆನೆಡಿಕ್ಟಾ ಸಿಸ್ಟರಿಗೆ ಬರಿಗೈ ಕ್ರಿಯಾಪದ ಕಂಡರಾಗದು.
"ಬ್ರೀದಿಂಗ್ ಅಂತ ಬರೆದರೆ ಎಂತ ತಿಳಿಯುವುದು?
ಹೇಗೆ? ಅದು ಬರಿ ಮಾರಾಯ್ತಿ, ಹೇಗೆ?"
ಬರೆಯುತ್ತೇನೆ.
ಬೆಡ್ ಒಂಬತ್ತು: ಸ್ಲೀಪಿಂಗ್ ಕಂಫರ್ಟಬ್ಲಿ.
(ಸುಳ್ಳು. ಹೊದಿಕೆಯೊಳಗೆ ಫೋನಿನ ಬೆಳಕು.)
ಬೆಡ್ ಹನ್ನೆರಡು: ಡ್ರಿಂಕಿಂಗ್ ನಾರ್ಮಲಿ.
ಗಟಗಟ ಕುಡಿದರು ಎನ್ನಲು ಆ ಕಾಗದದಲ್ಲಿ ಕಾಲಮ್ಮಿಲ್ಲ.
ಜಿಟಿಜಿಟಿ, ಬಿರಬಿರ, ಗೊರಗೊರ, ಕುಯಿಂಯಿ,
ಎಲ್ಲವನ್ನೂ ಲಿಫ್ಟಿನ ಹತ್ತಿರ ಚಪ್ಪಲಿಯ ಜೊತೆ
ಬಿಟ್ಟು ಬರಬೇಕು.

ಬೆಡ್ ಹದಿನೇಳು. ಪೂವಕ್ಕ, ಎಪ್ಪತ್ತೊಂದು, ಪಜೀರು.
ಎರಡು ದಿನದಿಂದ ಕಣ್ಣು ಬಿಟ್ಟಿಲ್ಲ.
ಹೊದಿಕೆಯ ಮೇಲೆ ಬೆರಳು ಮಾತ್ರ ಎಚ್ಚರ:
ಹಿಡಿದು, ಒತ್ತಿ, ಉರುಟಿ, ಮಡಚಿ, ಬಿಟ್ಟು, ಮತ್ತೆ.
"ಫಿಂಗರ್ಸ್ ಮೂವಿಂಗ್" ಎಂದು ಬರೆದು ಪೆನ್ನು ನಿಂತಿತು.
"ಏಮ್‌ಲೆಸ್‌ಲಿ" ಅಂದರು ಸಿಸ್ಟರ್, ಕುರ್ಚಿಯಿಂದೇಳದೆ.
"ಈ ಹಂತಕ್ಕೆ ಬಂದವರೆಲ್ಲ ಹಾಗೇ."

ನಾನು ಟಾರ್ಚು ಹಿಡಿದು ಬಗ್ಗಿದೆ.
ಎಡಗೈಯಲ್ಲಿ ಎಲೆ. ಕಾಣುವುದಿಲ್ಲ, ಉಂಟು.
ಬಲಗೈ ಚಿಟಿಕೆಯಲ್ಲಿ ಹೊಗೆಸೊಪ್ಪಿನ ಹುಡಿ,
ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.
ಹೆಬ್ಬೆರಳು ಎಲೆಯನ್ನು ಸವರಿ ಉರುಟುತ್ತದೆ,
ತೋರುಬೆರಳಿನ ಉಗುರು ಬಾಯಿ ಮಡಚುತ್ತದೆ,
ಆಮೇಲೆ ನೂಲು, ಎರಡು ಸುತ್ತು.

ಅಮ್ಮನ ತಡ್ಪೆಯ ಪಕ್ಕ ಕೂತು ಓದಿದವಳು ನಾನು.
ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟು ಬಿಡಿಸಿ
ಇದು ಸಡಿಲ, ಇದು ದಪ್ಪ ಎಂದು ಬದಿಗೆ ತಳ್ಳಿದ್ದನ್ನು,
ಬಸ್ಸಿನಲ್ಲಿ ಬರುವಾಗ ಅಮ್ಮ
ಅಷ್ಟನ್ನೂ ಬೆರಳಲ್ಲಿ ಕಳೆದು ನೋಡಿದ್ದನ್ನು ಕಂಡವಳು.
ಆ ದುಡ್ಡಿನಲ್ಲೇ ನನಗೆ
ಹೆವಿಲಿಯೂ ಸೌಂಡ್‌ಲಿಯೂ ಬಂದದ್ದು.

ಎಣಿಸಿದೆ.
ಇಪ್ಪತ್ತೈದಕ್ಕೆ ಕೈ ನಿಂತಿತು.
ಹೊದಿಕೆಯ ಅಂಚನ್ನು ಒಮ್ಮೆ ಬಿಗಿದು
ಏನನ್ನೋ ಬದಿಗಿಟ್ಟರು ಪೂವಕ್ಕ.
ಮತ್ತೆ ಎಲೆ.

ಕೇರ್‌ಫುಲ್ಲಿ? ಅದು ಬೇರೆಯವರ ಪಿಂಗಾಣಿ ತೊಳೆಯುವಾಗ.
ಕ್ವಿಕ್‌ಲಿ? ಹೌದು, ಆದರೆ ಅವಸರವಿಲ್ಲ.
ಅಮ್ಮನಾದರೆ "ಲಾಯ್ಕಲ್ಲಿ" ಎಂದು ಒಂದೇ ಮಾತಿಗೆ ಮುಗಿಸುತ್ತಿದ್ದಳು.
ನೋಡಿ ಟೀಚರ್, ನಮ್ಮದರ ಬಾಲಕ್ಕೂ ಒಂದು ಲ್ಲಿ ಉಂಟು,
ಆದರೆ ಆ ಬಸ್ಸು ಈ ರೂಟಿನಲ್ಲಿ ಓಡುವುದಿಲ್ಲ.

ಕೊನೆಗೆ ಬರೆದೆ: ಫಿಂಗರ್ಸ್ ಮೂವಿಂಗ್ ಕರೆಕ್ಟ್‌ಲಿ.
ಕೆಳಗೆ ಸಹಿ, ಸಮಯ, ಎರಡು ನಲ್ವತ್ತು.

ಬೆಳಿಗ್ಗೆ ಏಳಕ್ಕೆ ಸಿಸ್ಟರಿನ ಕೆಂಪು ಪೆನ್ನು
ಕರೆಕ್ಟ್‌ಲಿಯ ಸುತ್ತ ಉರುಟಾಗಿ ಒಂದು ಸುತ್ತು ಬಂತು,
ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ.
ಸಿಟ್ಟು ಬರಲಿಲ್ಲ.
ಚೆಕ್ಕರ್ ಎಂದರೆ ತಳ್ಳಲೇಬೇಕು ಒಂದೆರಡನ್ನು.

ಡೇ ಡ್ಯೂಟಿಗೆ ಬಂದ ರೆನಿಟಾ ಬ್ಯಾಗು ತೂಗುಹಾಕುತ್ತಾ
"ಹದಿನೇಳರವರು ಹೇಗೆ?" ಎಂದಳು.
ನಾನು ನೋಡಿದ್ದಷ್ಟೇ ಹೇಳಿದೆ:
"ಹನ್ನೊಂದು ಕಟ್ಟಾಗಿದೆ."